ಕ್ಷ-ಕಿರಣ ಸಂಶೋಧನಾ ಕೇಂದ್ರಗಳಲ್ಲಿ ಮಷಿನ್ ಲರ್ನಿಂಗ್ ಪಿಎಚ್‌.ಡಿ. ಮತ್ತು ವಿದ್ಯಾರ್ಥಿವೇತನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಕ್ರೊಟ್ರಾನ್ ಮತ್ತು ಫ್ರೀ ಎಲೆಕ್ಟ್ರಾನ್ ಲೇಸರ್ ಎಂಬ ಕ್ಷ-ಕಿರಣ ಕೇಂದ್ರಗಳು ಮಷಿನ್ ಲರ್ನಿಂಗ್ (ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ವಿಷಯದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಕರೆಯುವ ಪ್ರಕಟಣೆಗಳು ಈಗ ಆಗಾಗ ಬರುತ್ತಿವೆ. ಅವುಗಳಲ್ಲಿ ಅರ್ಹತೆ, ಕೊನೆಯ ದಿನಾಂಕ, ಯೋಜನೆಯ ಸಾರಾಂಶ ಇರುತ್ತವೆಯೇ ಹೊರತು ಕೆಲಸ ನಿಜವಾಗಿ ಎಂಥದ್ದು ಎಂಬ ವಿವರ ಇರುವುದು ಕಡಿಮೆ. ಅರ್ಜಿ ಹಾಕಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇದು ಯಾವುದೇ ಒಂದು ಸಂಸ್ಥೆಯ ಪರವಾಗಿ ಬರೆದದ್ದಲ್ಲ. ನಿರ್ದಿಷ್ಟ ಹುದ್ದೆಯೊಂದರ ನಿಯಮಗಳಿಗೆ ಆಯಾ ಪ್ರಕಟಣೆಯೇ ಅಂತಿಮ.

ಕ್ಷ-ಕಿರಣ ಸಂಶೋಧನಾ ಕೇಂದ್ರ ಎಂದರೇನು? ಆಸ್ಪತ್ರೆಯ ಎಕ್ಸ್-ರೇಗೂ ಇದಕ್ಕೂ ಏನು ಸಂಬಂಧ?

ಕಿರಣ ಒಂದೇ, ಅದನ್ನು ಹುಟ್ಟಿಸುವ ಬಗೆ ಬೇರೆ. ಆಸ್ಪತ್ರೆಯ ಯಂತ್ರದಲ್ಲಿ ಎಲೆಕ್ಟ್ರಾನ್‌ಗಳು ಲೋಹದ ಗುರಿಗೆ ಬಡಿದಾಗ ಕ್ಷ-ಕಿರಣ ಹೊರಡುತ್ತದೆ. ಸಿಂಕ್ರೊಟ್ರಾನ್ ಕೇಂದ್ರದಲ್ಲಾದರೋ ಎಲೆಕ್ಟ್ರಾನ್‌ಗಳು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ನಿರ್ವಾತದ ಉಂಗುರವೊಂದರಲ್ಲಿ ಸುತ್ತುತ್ತಿರುತ್ತವೆ. ಕಾಂತಗಳು ಅವುಗಳ ಹಾದಿಯನ್ನು ಬಾಗಿಸಿದಾಗ ಅಥವಾ ಅತ್ತಿತ್ತ ಓಲಾಡಿಸಿದಾಗ ಹೊಮ್ಮುವ ಕ್ಷ-ಕಿರಣವನ್ನು ಉಂಗುರದಿಂದ ಹೊರಕ್ಕೆ ತಂದು ಪ್ರಯೋಗಕ್ಕೆ ಒದಗಿಸಲಾಗುತ್ತದೆ. ಹೀಗೆ ಹೊರಬಂದ ಪ್ರತಿಯೊಂದು ಮಾರ್ಗವೂ, ಅದರ ಕೊನೆಯಲ್ಲಿರುವ ಪ್ರಯೋಗ ಕೊಠಡಿಯೂ ಸೇರಿ ಒಂದು ಬೀಮ್‌ಲೈನ್. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಇಎಸ್‌ಆರ್‌ಎಫ್‌ನ ಉಂಗುರದ ಸುತ್ತಳತೆ 844 ಮೀಟರ್. ಇಂದೋರಿನ ಇಂಡಸ್-2 ಉಂಗುರದ್ದು ಸುಮಾರು 172 ಮೀಟರ್. ಜಪಾನಿನ ಸ್ಪ್ರಿಂಗ್-8, ಸ್ವೀಡನ್ನಿನ ಮ್ಯಾಕ್ಸ್ ಫೋರ್, ಬ್ರಿಟನ್ನಿನ ಡೈಮಂಡ್, ಬ್ರೆಜಿಲ್‌ನ ಸಿರಿಯಸ್, ಜೋರ್ಡಾನಿನ ಸೆಸಮಿ ಇದೇ ಕುಲಕ್ಕೆ ಸೇರಿದವು.

ಫ್ರೀ ಎಲೆಕ್ಟ್ರಾನ್ ಲೇಸರ್‌ಗೆ ಉಂಗುರವಿಲ್ಲ, ನೇರ ಸುರಂಗವಿದೆ. ಅಲ್ಲಿ ಹೊರಡುವ ಕ್ಷ-ಕಿರಣದ ಮಿಡಿತಗಳು ಫೆಮ್ಟೊಸೆಕೆಂಡುಗಳಷ್ಟೇ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು) ಬಾಳುವಂಥವು, ಅಣುಗಳ ಚಲನೆಯನ್ನೇ ಹಿಡಿಯುವಷ್ಟು ಚುಟುಕು. ಅಮೆರಿಕದ ಎಲ್‌ಸಿಎಲ್‌ಎಸ್ 2009ರಲ್ಲಿ ಕೆಲಸ ಆರಂಭಿಸಿತು. ಜರ್ಮನಿಯ ಯುರೋಪಿಯನ್ ಎಕ್ಸ್‌ಫೆಲ್ 3.4 ಕಿಲೋಮೀಟರ್ ಉದ್ದವಿದ್ದು 2017ರಲ್ಲಿ ಬಳಕೆದಾರರಿಗೆ, ಅಂದರೆ ಪ್ರಯೋಗಕ್ಕೆ ಬರುವ ಹೊರಗಿನ ವಿಜ್ಞಾನಿಗಳಿಗೆ, ತೆರೆಯಿತು.

ಇಲ್ಲಿ ಮಷಿನ್ ಲರ್ನಿಂಗ್ ಏಕೆ ಬೇಕಾಯಿತು?

ಮೊದಲ ಕಾರಣ, ಮಾಹಿತಿಯ ಪ್ರವಾಹ. ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ಸೆಕೆಂಡಿಗೆ 10 ಸಲ ಮಿಡಿತಗಳ ಒಂದೊಂದು ಸಾಲು ಹೊರಡುತ್ತದೆ, ಒಂದು ಸಾಲಿನಲ್ಲಿ 2,700 ಮಿಡಿತಗಳವರೆಗೆ ಇರಬಹುದು. ಅಲ್ಲಿ ಬಳಸುವ ಎಜಿಐಪಿಡಿ ಎಂಬ ಡಿಟೆಕ್ಟರ್ (ಕ್ಷ-ಕಿರಣವನ್ನು ಚಿತ್ರವಾಗಿ ದಾಖಲಿಸುವ ಉಪಕರಣ) ಒಂದು ಸಾಲಿನಿಂದ 352 ಚಿತ್ರಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅಂದರೆ ಸೆಕೆಂಡಿಗೆ 3,520 ಚಿತ್ರಗಳು. ಒಂದೊಂದು ಚಿತ್ರವೂ ಸುಮಾರು ಹತ್ತು ಲಕ್ಷ ಪಿಕ್ಸೆಲ್‌ಗಳದ್ದು. ಪಿಕ್ಸೆಲ್ಲಿಗೆ ಎರಡೇ ಬೈಟ್ ಎಂದು ಲೆಕ್ಕ ಹಾಕಿದರೂ ಸೆಕೆಂಡಿಗೆ ಸುಮಾರು 7 ಗಿಗಾಬೈಟ್, ಹತ್ತು ನಿಮಿಷಕ್ಕೆ 4 ಟೆರಾಬೈಟಿಗೂ ಹೆಚ್ಚು. ಎಲ್‌ಸಿಎಲ್‌ಎಸ್‌ನ ಮೊದಲ ಯಂತ್ರ ಸೆಕೆಂಡಿಗೆ 120 ಮಿಡಿತ ಕೊಡುತ್ತಿತ್ತು. 2023ರಲ್ಲಿ ಮೊದಲ ಬೆಳಕು ಕಂಡ ಎಲ್‌ಸಿಎಲ್‌ಎಸ್-2 ಹತ್ತು ಲಕ್ಷದವರೆಗೆ ಹೋಗುವಂತೆ ವಿನ್ಯಾಸಗೊಂಡಿದೆ. ಇದನ್ನೆಲ್ಲ ಶೇಖರಿಸಿಟ್ಟು ಆಮೇಲೆ ನಿಧಾನವಾಗಿ ನೋಡೋಣ ಎನ್ನುವ ಕಾಲ ಮುಗಿಯಿತು. ಯಾವ ಚಿತ್ರವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಡಿಟೆಕ್ಟರ್‌ನ ಬಳಿಯಲ್ಲೇ, ಆ ಕ್ಷಣದಲ್ಲೇ ಆಗಬೇಕು.

ಎರಡನೆಯ ಕಾರಣ ಇನ್ನೂ ಹಳೆಯದು, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸ್ವಾರಸ್ಯದ್ದು. ಡಿಟೆಕ್ಟರ್ ಅಳೆಯುವುದು ಕಿರಣದ ತೀವ್ರತೆಯನ್ನು ಮಾತ್ರ. ವಸ್ತುವಿನ ರಚನೆಯನ್ನು ಮರಳಿ ಕಟ್ಟಲು ತರಂಗದ ಫೇಸ್ (ಏರಿಳಿತದಲ್ಲಿ ತರಂಗ ಯಾವ ಹಂತದಲ್ಲಿದೆ ಎಂಬುದು) ಕೂಡ ಬೇಕು, ಅದು ಅಳತೆಯಲ್ಲೇ ಕಳೆದುಹೋಗಿರುತ್ತದೆ. ಕಳೆದುಹೋದದ್ದನ್ನು ಗಣಿತದಿಂದ ಹುಡುಕುವ ವಿಧಾನಗಳು ಮೊದಲಿನಿಂದಲೂ ಇವೆ, ಆದರೆ ಅವು ಸುತ್ತು ಹಾಕಿ ಹಾಕಿ ನಿಧಾನವಾಗಿ ಉತ್ತರಕ್ಕೆ ಬರುತ್ತವೆ. ಉದಾಹರಣೆಗಳಿಂದ ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್ (ಮಷಿನ್ ಲರ್ನಿಂಗ್‌ನ ಒಂದು ಬಗೆಯ ಗಣಿತ ಮಾದರಿ) ಅದೇ ಉತ್ತರದ ಹತ್ತಿರಕ್ಕೆ ಒಂದೇ ಹೆಜ್ಜೆಯಲ್ಲಿ ಹೋಗಬಲ್ಲದು. ಟೈಕೋಗ್ರಫಿ ಎಂಬ ಚಿತ್ರಣ ವಿಧಾನಕ್ಕಾಗಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು 2020ರಲ್ಲಿ ಪ್ರಕಟಿಸಿದ ಟೈಕೋಎನ್‌ಎನ್ ಇದಕ್ಕೊಂದು ಉದಾಹರಣೆ.

ಪಿಎಚ್‌.ಡಿ. ವಿಷಯಗಳು ಸಾಮಾನ್ಯವಾಗಿ ಯಾವುವು?

ಪ್ರಕಟಣೆಗಳ ಶೀರ್ಷಿಕೆ ಏನೇ ಇರಲಿ, ಅವನ್ನು ಕೆಲವೇ ಬಗೆಗಳಲ್ಲಿ ಗುರುತಿಸಬಹುದು. ಯಂತ್ರವನ್ನೇ ಸರಿಹೊಂದಿಸುವ ಕೆಲಸ ಒಂದು ಬಗೆ: ವೇಗವರ್ಧಕದ ನೂರಾರು ಕಾಂತಗಳ ಹೊಂದಿಕೆಯನ್ನು ಅನುಭವಿ ಆಪರೇಟರ್ ಕೈಯಲ್ಲಿ ಮಾಡುತ್ತಿದ್ದದ್ದನ್ನು ಬೇಯಿಸಿಯನ್ ಆಪ್ಟಿಮೈಸೇಶನ್ (ಹಿಂದಿನ ಪ್ರಯತ್ನಗಳ ಫಲಿತಾಂಶದಿಂದ ಮುಂದಿನದನ್ನು ಆಯುವ ವಿಧಾನ) ಬಳಸಿ ಕಡಿಮೆ ಪ್ರಯತ್ನಗಳಲ್ಲಿ ಸಾಧಿಸುವುದು. ಅಳತೆಯ ಕ್ಷಣದಲ್ಲಿ ಮಾಹಿತಿಯನ್ನು ಸೋಸುವುದು ಇನ್ನೊಂದು. ಸೀರಿಯಲ್ ಫೆಮ್ಟೊಸೆಕೆಂಡ್ ಕ್ರಿಸ್ಟಲೊಗ್ರಫಿಯಲ್ಲಿ ದ್ರವದ ಧಾರೆಯೊಂದರಲ್ಲಿ ಪ್ರೋಟೀನ್‌ನ ಸಣ್ಣ ಸ್ಫಟಿಕಗಳು ಹರಿದುಬರುತ್ತಿರುತ್ತವೆ, ಕ್ಷ-ಕಿರಣದ ಬಹಳಷ್ಟು ಮಿಡಿತಗಳು ಯಾವ ಸ್ಫಟಿಕಕ್ಕೂ ತಗಲದೆ ಹಾದುಹೋಗುತ್ತವೆ. ತಗಲಿದವನ್ನು ಹೆಕ್ಕುವುದೇ ಅಲ್ಲಿಯ ಮೊದಲ ಸಮಸ್ಯೆ. ಚಿತ್ರವನ್ನು ಮರಳಿ ಕಟ್ಟುವುದು, ಕಡಿಮೆ ಕಿರಣದಲ್ಲಿ ತೆಗೆದ ಟೊಮೊಗ್ರಫಿಯ (ಹಲವು ಕೋನಗಳಿಂದ ತೆಗೆದ ಚಿತ್ರಗಳಿಂದ ಮೂರು ಆಯಾಮದ ಚಿತ್ರ ಕಟ್ಟುವ ವಿಧಾನ) ಗದ್ದಲ, ಅಂದರೆ ನಾಯ್ಸ್, ಕಳೆಯುವುದು, ಕಟ್ಟಿದ ಮೂರು ಆಯಾಮದ ಚಿತ್ರದಲ್ಲಿ ಭಾಗಗಳನ್ನು ಬೇರ್ಪಡಿಸುವುದು ಮತ್ತೊಂದು ದೊಡ್ಡ ಗುಂಪು. ಪ್ರಯೋಗವೇ ಮುಂದಿನ ಅಳತೆ ಎಲ್ಲಿ ಬೇಕೆಂದು ತಾನಾಗಿ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಗಳು ಈಚಿನವು.

ಈ ಪೈಕಿ ಯಾವುದು ಒಳ್ಳೆಯದು ಎಂದು ಕೇಳುವವರಿದ್ದಾರೆ. ವಿಷಯಕ್ಕಿಂತ ಮುಖ್ಯವಾದದ್ದು, ಆ ವಿಷಯದ ಉತ್ತರಕ್ಕಾಗಿ ನಿಜವಾಗಿ ಕಾಯುತ್ತಿರುವ ಬೀಮ್‌ಲೈನ್ ವಿಜ್ಞಾನಿ ಒಬ್ಬರು ಇದ್ದಾರೆಯೇ ಎಂಬುದು. ಯೋಜನೆಯ ವಿವರಣೆಯಲ್ಲಿ ಒಂದು ಬೀಮ್‌ಲೈನ್‌ನ ಹೆಸರು, ಒಂದು ಪ್ರಯೋಗ ವಿಧಾನ, ಒಂದು ಡಿಟೆಕ್ಟರ್ ಕಾಣಿಸಿಕೊಂಡಿದ್ದರೆ ಅದು ಶುಭಸೂಚನೆ. ‘ಕ್ಷ-ಕಿರಣ ವಿಜ್ಞಾನಕ್ಕಾಗಿ ಡೀಪ್ ಲರ್ನಿಂಗ್’ ಎಂದು ಗಾಳಿಯಲ್ಲಿ ತೇಲುವ ಯೋಜನೆಗಳಲ್ಲಿ ಮೊದಲ ವರ್ಷ ಪೂರ್ತಿ ಸಮಸ್ಯೆಯನ್ನು ಹುಡುಕುವುದರಲ್ಲೇ ಕಳೆಯುವ ಸಂಭವವಿದೆ.

ನಾನು ಕಂಪ್ಯೂಟರ್ ಸೈನ್ಸ್ ಓದಿದವಳು, ಭೌತಶಾಸ್ತ್ರ ಬರುವುದಿಲ್ಲ. ಅರ್ಜಿ ಹಾಕಬಹುದೇ?

ಹಾಕಬಹುದು. ಹೆಚ್ಚಿನ ಪ್ರಕಟಣೆಗಳು ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ರಸಾಯನಶಾಸ್ತ್ರ ಇಷ್ಟರಲ್ಲಿ ಯಾವುದಾದರೊಂದು ಸ್ನಾತಕೋತ್ತರ ಪದವಿಯನ್ನು ಒಪ್ಪುತ್ತವೆ. ಆದರೆ ಭೌತಶಾಸ್ತ್ರವನ್ನು ಮುಟ್ಟದೆಯೇ ಪಿಎಚ್‌.ಡಿ. ಮುಗಿಸಬಹುದು ಎಂದುಕೊಂಡು ಬರುವುದು ಸಲ್ಲದು. ಬ್ರ್ಯಾಗ್ ನಿಯಮ, ಫೂರಿಯೆ ಪರಿವರ್ತನೆ, ಫೋಟಾನ್ ಎಣಿಕೆಯಲ್ಲಿ ಪಾಯ್ಸನ್ ಹಂಚಿಕೆ ಹೇಗೆ ಬರುತ್ತದೆ ಎಂಬುದು, ಹೀರಿಕೆ ಮತ್ತು ಚದುರಿಕೆಯ ವ್ಯತ್ಯಾಸ, ಇಷ್ಟು ಗಟ್ಟಿಯಾಗಿದ್ದರೆ ಉಳಿದದ್ದನ್ನು ಕೆಲಸ ಮಾಡುತ್ತಲೇ ಕಲಿಯಬಹುದು. ಫೂರಿಯೆ ಪರಿವರ್ತನೆಯನ್ನು ಮಾತ್ರ ಮನಸ್ಸಿಟ್ಟು ಕಲಿಯಿರಿ. ಈ ಕ್ಷೇತ್ರದಲ್ಲಿ ದೂರದ ಡಿಟೆಕ್ಟರ್ ಮೇಲೆ ಬೀಳುವ ಚಿತ್ರವೆಂದರೆ ಬಹುಪಾಲು ವಸ್ತುವಿನ ಫೂರಿಯೆ ಪರಿವರ್ತನೆಯ ಪರಿಮಾಣದ ವರ್ಗವೇ (ಸ್ಕ್ವೇರ್).

ಭೌತಶಾಸ್ತ್ರದವರಿಗೆ ಪ್ರೋಗ್ರಾಮಿಂಗ್ ಎಷ್ಟು ತಿಳಿದಿರಬೇಕು?

ಪೈಥಾನ್ ಸರಾಗವಾಗಿ ಬರಬೇಕು. ಪೈಟಾರ್ಚ್ ಅಥವಾ ಜ್ಯಾಕ್ಸ್ ಎಂಬ ಮಷಿನ್ ಲರ್ನಿಂಗ್ ತಂತ್ರಾಂಶದಲ್ಲಿ ಒಂದು ಮಾದರಿಯನ್ನು (ಮಾಡೆಲ್) ಸ್ವತಃ ತರಬೇತುಗೊಳಿಸಿದ ಅನುಭವ, ಗಿಟ್ ಬಳಕೆ, ಲಿನಕ್ಸ್ ಸರ್ವರ್‌ನಲ್ಲಿ ಸ್ಲರ್ಮ್ ಎಂಬ ಸರದಿ ವ್ಯವಸ್ಥೆಯ ಮೂಲಕ ಕೆಲಸ ಒಪ್ಪಿಸುವುದು, ದೊಡ್ಡ ವೈಜ್ಞಾನಿಕ ಮಾಹಿತಿಯನ್ನಿಡುವ ಎಚ್‌ಡಿಎಫ್5 ಕಡತ ತೆರೆಯುವುದು ಗೊತ್ತಿದ್ದರೆ ಸಾಕು. ಡಿಟೆಕ್ಟರ್‌ನ ಬಳಿಯೇ ಎಫ್‌ಪಿಜಿಎ ಎಂಬ, ಸರ್ಕ್ಯೂಟನ್ನು ಬೇಕಾದಂತೆ ಹೊಂದಿಸಬಹುದಾದ ಚಿಪ್ ಮೇಲೆ ಮಾದರಿ ಓಡಿಸುವ ಯೋಜನೆಯಾದರೆ ಸಿ++ ಕೂಡ ಬೇಕಾಗುತ್ತದೆ.

ಪದವಿ ಕೊಡುವುದು ಕೇಂದ್ರವೋ ವಿಶ್ವವಿದ್ಯಾಲಯವೋ?

ಸಾಮಾನ್ಯವಾಗಿ ವಿಶ್ವವಿದ್ಯಾಲಯ. ಇಎಸ್‌ಆರ್‌ಎಫ್, ಜರ್ಮನಿಯ ಡೆಸಿ, ಡೈಮಂಡ್‌ನಂಥ ಕೇಂದ್ರಗಳಿಗೆ ಡಾಕ್ಟರೇಟ್ ನೀಡುವ ಅಧಿಕಾರವಿಲ್ಲ. ಆದ್ದರಿಂದ ನಿಮಗೆ ಇಬ್ಬರು ಮಾರ್ಗದರ್ಶಕರು ಇರುತ್ತಾರೆ: ಕೇಂದ್ರದಲ್ಲಿ ದಿನನಿತ್ಯ ಜೊತೆಗಿರುವವರು ಒಬ್ಬರು, ನೋಂದಣಿ ಮತ್ತು ಮಹಾಪ್ರಬಂಧದ ಹೊಣೆ ಹೊತ್ತ ಪ್ರಾಧ್ಯಾಪಕರು ಇನ್ನೊಬ್ಬರು. ಈ ಏರ್ಪಾಟಿನ ಅನುಕೂಲವೂ ಇಲ್ಲೇ, ತೊಡಕೂ ಇಲ್ಲೇ. ಬೀಮ್‌ಲೈನ್ ವಿಜ್ಞಾನಿಗೆ ಮುಂದಿನ ತಿಂಗಳು ಬಳಕೆದಾರರು ಬರುವಷ್ಟರಲ್ಲಿ ಓಡುವ ಸಾಫ್ಟ್‌ವೇರ್ ಬೇಕು, ಪ್ರಾಧ್ಯಾಪಕರಿಗೆ ಸಮ್ಮೇಳನಕ್ಕೆ ಕಳಿಸಬಹುದಾದ ಹೊಸ ವಿಧಾನ ಬೇಕು. ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ನಡುವೆ ವಿದ್ಯಾರ್ಥಿ ಸೊರಗಬಾರದೆಂದರೆ ಇಬ್ಬರೂ ಕೂತು ಮಾತಾಡುವ ಸಭೆ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ ಎಂದು ಸಂದರ್ಶನದಲ್ಲೇ ಕೇಳಿಬಿಡಿ. ಉತ್ತರಕ್ಕಾಗಿ ಅವರಿಬ್ಬರು ಪರಸ್ಪರ ಮುಖ ನೋಡಿಕೊಂಡರೆ ಅದೂ ಒಂದು ಉತ್ತರವೇ.

ವಿದ್ಯಾರ್ಥಿವೇತನವೂ ಸಂಬಳವೂ ಒಂದೇ ಆಗುತ್ತದೆಯೇ?

ಆಗುವುದಿಲ್ಲ. ಅರ್ಜಿ ಹಾಕುವವರು ಎಚ್ಚರದಿಂದ ಓದಬೇಕಾದ ಸಾಲು ಇದೇ. ಕೆಲವೆಡೆ ನೀವು ನೌಕರರು: ಉದ್ಯೋಗ ಒಪ್ಪಂದ, ತೆರಿಗೆ, ಆರೋಗ್ಯ ವಿಮೆ, ರಜೆ, ಪಿಂಚಣಿಯ ಕಂತು ಎಲ್ಲವೂ ಇರುತ್ತವೆ. ಸ್ವೀಡನ್, ನೆದರ್ಲೆಂಡ್ಸ್, ಜರ್ಮನಿಯ ಸಂಶೋಧನಾ ಸಂಸ್ಥೆಗಳಲ್ಲಿ ಈ ಪದ್ಧತಿ ಸಾಮಾನ್ಯ. ಇನ್ನು ಕೆಲವೆಡೆ ನೀವು ವಿದ್ಯಾರ್ಥಿ: ತಿಂಗಳಿಗೆ ಇಂತಿಷ್ಟು ಎಂಬ ವೇತನ ಬರುತ್ತದೆ, ತೆರಿಗೆ ಇರಲಿಕ್ಕಿಲ್ಲ, ಆದರೆ ವಿಮೆಯ ವೆಚ್ಚ ನಿಮ್ಮದೇ ಆಗಿರಬಹುದು, ಬೋಧನಾ ಶುಲ್ಕ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಯೂ ಏಳುತ್ತದೆ. ಬ್ರಿಟನ್ನಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕ ಹೆಚ್ಚು. ವಿದ್ಯಾರ್ಥಿವೇತನವು ಸ್ಥಳೀಯ ದರದ ಶುಲ್ಕವನ್ನಷ್ಟೇ ಭರಿಸಿ ವ್ಯತ್ಯಾಸವನ್ನು ನಿಮ್ಮ ಮೇಲೆ ಬಿಡುವುದಿದೆ. ಅಮೆರಿಕದಲ್ಲಿ ದಾರಿ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಮೂಲಕವೇ: ಪಿಎಚ್‌.ಡಿ. ಕಾರ್ಯಕ್ರಮಕ್ಕೆ ಸೇರಿ, ಸಂಶೋಧನಾ ಸಹಾಯಕರಾಗಿ ವೇತನ ಪಡೆದು, ಪ್ರಯೋಗಾಲಯದಲ್ಲಿ ಕೆಲಸ ಮಾಡುವುದು.

ಮೊತ್ತವನ್ನು ಮಾತ್ರ ನೋಡಿ ಎರಡು ಹುದ್ದೆಗಳನ್ನು ತೂಗಬೇಡಿ. ಅವಧಿ ಎಷ್ಟು, ಅವಧಿ ಮುಗಿದ ಮೇಲೆ ಮಹಾಪ್ರಬಂಧ ಬರೆಯುವ ತಿಂಗಳುಗಳಿಗೆ ಹಣವಿದೆಯೇ, ಸಮ್ಮೇಳನದ ಪ್ರಯಾಣಕ್ಕೆ ಬೇರೆ ನಿಧಿ ಇದೆಯೇ, ಹೆರಿಗೆ ರಜೆ ಅಥವಾ ಕಾಯಿಲೆಯ ರಜೆ ತೆಗೆದುಕೊಂಡರೆ ಅವಧಿ ಅಷ್ಟು ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನು ಕೇಳಿ ತಿಳಿಯಿರಿ. ಮೂರು ವರ್ಷಕ್ಕೆ ಹಣವಿದ್ದು ಅಲ್ಲಿಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಾಲ್ಕು ವರ್ಷ ತೆಗೆದುಕೊಳ್ಳುತ್ತಿದ್ದರೆ ಆ ನಾಲ್ಕನೆಯ ವರ್ಷದ ಮಾತು ಮೊದಲೇ ಆಗಬೇಕು.

ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ನೆಟ್‌ವರ್ಕ್‌ನ ಹುದ್ದೆಗೆ ವಾಸದ ನಿಯಮವಿದೆಯಂತೆ, ಏನದು?

ಐರೋಪ್ಯ ಒಕ್ಕೂಟದ ಹಣದಿಂದ ನಡೆಯುವ ಈ ಡಾಕ್ಟರಲ್ ನೆಟ್‌ವರ್ಕ್‌ಗಳಲ್ಲಿ ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ನೇಮಕಾತಿಗೆ ಹಿಂದಿನ 36 ತಿಂಗಳಲ್ಲಿ, ಯಾವ ದೇಶದಲ್ಲಿ ಹುದ್ದೆಯಿದೆಯೋ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಿದ್ದಿರಬಾರದು ಅಥವಾ ಅಲ್ಲಿ ಮುಖ್ಯ ಉದ್ಯೋಗವನ್ನಾಗಲಿ ಓದನ್ನಾಗಲಿ ನಡೆಸಿದ್ದಿರಬಾರದು. ಈಗಾಗಲೇ ಡಾಕ್ಟರೇಟ್ ಪಡೆದಿರಲೂಬಾರದು. ನಿಯಮ ಪೌರತ್ವವನ್ನು ನೋಡುವುದಿಲ್ಲ, ಇದ್ದ ಜಾಗವನ್ನು ನೋಡುತ್ತದೆ. ಹಾಗಾಗಿ ಜರ್ಮನಿಯಲ್ಲಿ ಎರಡು ವರ್ಷ ಎಂ.ಎಸ್ಸಿ. ಈಗಷ್ಟೇ ಮುಗಿಸಿದವರು ಹ್ಯಾಂಬರ್ಗ್‌ನ ಹುದ್ದೆಗೆ ಅನರ್ಹರಾಗಿ, ಅದೇ ನೆಟ್‌ವರ್ಕ್‌ನ ಗ್ರೆನೋಬಲ್ ಅಥವಾ ಸ್ವೀಡನ್ನಿನ ಲುಂಡ್ ಹುದ್ದೆಗೆ ಅರ್ಹರಾಗಿರುತ್ತಾರೆ. ಒಂದು ನೆಟ್‌ವರ್ಕ್‌ನಲ್ಲಿ ಹಲವು ಹುದ್ದೆಗಳು ಇರುವುದರಿಂದ ಪಟ್ಟಿಯನ್ನು ಪೂರ್ತಿ ಓದಿ.

ಅರ್ಜಿಯಲ್ಲಿ ಏನು ಬರೆದರೆ ಗಮನ ಸೆಳೆಯುತ್ತದೆ?

ಆಯ್ಕೆ ಸಮಿತಿಯ ಮುಂದೆ ಬರುವ ಪತ್ರಗಳಲ್ಲಿ ಬಹಳಷ್ಟು ‘ಕೃತಕ ಬುದ್ಧಿಮತ್ತೆಯು ಇಂದು ಎಲ್ಲ ಕ್ಷೇತ್ರಗಳನ್ನೂ ಬದಲಿಸುತ್ತಿದೆ’ ಎಂದೇ ಆರಂಭವಾಗುತ್ತವೆ. ಆ ವಾಕ್ಯವನ್ನು ಅಳಿಸಿ. ಅದರ ಬದಲು ನೀವು ಮಾಡಿದ ಒಂದು ಕೆಲಸವನ್ನು ಹತ್ತಿರದಿಂದ ವಿವರಿಸಿ: ಮಾಹಿತಿ ಎಲ್ಲಿಂದ ಬಂತು, ಅದರಲ್ಲಿ ಏನು ಕೊರತೆಯಿತ್ತು, ಸರಳ ವಿಧಾನ ಎಷ್ಟರ ಮಟ್ಟಿಗೆ ಕೆಲಸ ಮಾಡಿತು, ನಿಮ್ಮ ಮಾದರಿ ಅದಕ್ಕಿಂತ ಎಲ್ಲಿ ಮೇಲಾಯಿತು, ಎಲ್ಲಿ ಸೋತಿತು. ಸೋತದ್ದನ್ನು ಬರೆದವರ ಅರ್ಜಿಯನ್ನು ಸಮಿತಿ ಎರಡನೆಯ ಬಾರಿ ಓದುತ್ತದೆ.

ಸಾಧ್ಯವಾದರೆ ಸಾರ್ವಜನಿಕವಾಗಿ ಸಿಗುವ ಕ್ಷ-ಕಿರಣ ಮಾಹಿತಿಯ ಮೇಲೆ ಸಣ್ಣದೊಂದು ಪ್ರಯತ್ನ ಮಾಡಿ. ಟೊಮೊಗ್ರಫಿಗೆ ಟೊಮೊಬ್ಯಾಂಕ್, ಸುಸಂಬದ್ಧ ವಿವರ್ತನೆಯ ಚಿತ್ರಗಳಿಗೆ ಸಿಎಕ್ಸ್‌ಐಡಿಬಿ, ಪ್ರೋಟೀನ್ ರಚನೆಗಳಿಗೆ 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ತೆರೆದಿವೆ. ಒಂದು ಕಡತವನ್ನು ಇಳಿಸಿಕೊಂಡು, ತೆರೆದು, ವೃತ್ತಾಕಾರದ ಸರಾಸರಿ ತೆಗೆದು, ಗ್ರಾಫ್ ಹಾಕಿ ನೋಡಿದವರ ಪತ್ರದಲ್ಲಿ ಬರುವ ಪದಗಳೇ ಬೇರೆಯಾಗುತ್ತವೆ.

ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ತರುವುದಕ್ಕಿಂತ ನಿಮ್ಮ ಪ್ರಾಜೆಕ್ಟನ್ನು ವಾರವಾರವೂ ನೋಡಿದವರಿಂದ ತರುವುದು ಲೇಸು. ‘ಶಿಸ್ತಿನ, ಪರಿಶ್ರಮಿ ವಿದ್ಯಾರ್ಥಿ’ ಎಂಬ ಎರಡು ಸಾಲು ಯಾರ ಸಹಿ ಹೊತ್ತು ಬಂದರೂ ಹೆಚ್ಚೇನೂ ಹೇಳುವುದಿಲ್ಲ.

ಸಂದರ್ಶನ ಹೇಗಿರುತ್ತದೆ?

ಸಾಮಾನ್ಯವಾಗಿ ವಿಡಿಯೊ ಕರೆಯಲ್ಲಿ ನಡೆಯುತ್ತದೆ. ಹತ್ತು ಹದಿನೈದು ನಿಮಿಷ ನಿಮ್ಮ ಸ್ನಾತಕೋತ್ತರ ಪ್ರಬಂಧದ ಬಗ್ಗೆ ಸ್ಲೈಡ್‌ಗಳೊಂದಿಗೆ ಮಾತು, ಬಳಿಕ ಪ್ರಶ್ನೆಗಳು. ಪ್ರಶ್ನೆಗಳು ಪಠ್ಯದ ವ್ಯಾಖ್ಯೆಗಳನ್ನು ಕೆದಕುವುದಕ್ಕಿಂತ ನಿಮ್ಮದೇ ಸ್ಲೈಡಿನ ಸುತ್ತ ತಿರುಗುತ್ತವೆ: ಈ ನಿಖರತೆ ಯಾವ ಪರೀಕ್ಷಾ ಮಾಹಿತಿಯ ಮೇಲೆ ಬಂದದ್ದು, ತರಬೇತಿಯ ಮಾಹಿತಿಯಿಂದ ಅದನ್ನು ಹೇಗೆ ಬೇರ್ಪಡಿಸಿದಿರಿ, ಅಳತೆಯ ಅನಿಶ್ಚಿತತೆಯನ್ನು ತೋರಿಸುವ ಎರರ್ ಬಾರ್ ಎಲ್ಲಿದೆ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಗೊತ್ತಿಲ್ಲ ಎಂದು ಹೇಳಿ, ಹೇಗೆ ಕಂಡುಕೊಳ್ಳುತ್ತೀರಿ ಎಂಬುದನ್ನೂ ಹೇಳಿದರೆ ಯಾರೂ ಅಂಕ ಕಳೆಯುವುದಿಲ್ಲ.

ಮಾದರಿಯು ವಸ್ತುವಿನಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸಿದರೆ ಗತಿಯೇನು?

ಪ್ರಬಂಧದ ಒಂದು ಅಧ್ಯಾಯ ಇದಕ್ಕೇ ಮೀಸಲಾಗಬೇಕು ಎನ್ನುವಷ್ಟು ದೊಡ್ಡ ಪ್ರಶ್ನೆ ಇದು. ಬೆಕ್ಕು ನಾಯಿಗಳ ಚಿತ್ರವನ್ನು ವಿಂಗಡಿಸುವಾಗ ಮಾದರಿ ತಪ್ಪಿದರೆ ನೋಡಿದವರಿಗೆ ಕೂಡಲೇ ತಿಳಿಯುತ್ತದೆ. ಬ್ಯಾಟರಿಯ ಒಳಗಿನ ಬಿರುಕನ್ನೋ ಪ್ರೋಟೀನಿನ ಮಡಿಕೆಯನ್ನೋ ಮೊದಲ ಬಾರಿಗೆ ನೋಡುತ್ತಿರುವಾಗ ಸರಿಯಾದ ಉತ್ತರ ಯಾರ ಬಳಿಯೂ ಇರುವುದಿಲ್ಲ. ಗದ್ದಲ ಕಳೆಯುವ ನೆಟ್‌ವರ್ಕ್ ತಾನು ತರಬೇತಿಯಲ್ಲಿ ಕಂಡ ರಚನೆಗಳನ್ನೇ ಎಲ್ಲೆಡೆ ಕಾಣುವ ಚಾಳಿ ಬೆಳೆಸಿಕೊಂಡಿರುತ್ತದೆ. ಅದು ಕೊಟ್ಟ ಚಿತ್ರ ನುಣುಪಾಗಿ, ನಂಬುವಂತೆ ಇರುತ್ತದೆ, ಅದೇ ಅದರ ಅಪಾಯ.

ಸಣ್ಣ ಕೋನದ ಚದುರಿಕೆಯ (ನೇರ ಹಾದಿಯಿಂದ ತುಸುವೇ ಬಾಗಿದ ಕಿರಣವನ್ನು ಅಳೆಯುವ ವಿಧಾನ) ಒಂದು ಚಿತ್ರವನ್ನು ತೆರೆದು ನೋಡಿ. ನೇರ ಕಿರಣವನ್ನು ತಡೆಯಲು ಇಟ್ಟ ಬೀಮ್‌ಸ್ಟಾಪ್‌ನ ಕಪ್ಪು ನೆರಳು, ಅದನ್ನು ಹಿಡಿದಿರುವ ಕಡ್ಡಿಯ ತೆಳು ಗೆರೆ, ಡಿಟೆಕ್ಟರ್‌ನ ಹಲಗೆಗಳು ಕೂಡುವಲ್ಲಿ ಅಡ್ಡಲಾಗಿಯೂ ಉದ್ದಲಾಗಿಯೂ ಖಾಲಿ ಪಟ್ಟಿಗಳು, ಅಲ್ಲಲ್ಲಿ ಸತ್ತ ಪಿಕ್ಸೆಲ್‌ಗಳು, ಯಾವಾಗಲೂ ಉರಿಯುತ್ತಲೇ ಇರುವ ಇನ್ನೆರಡು ಪಿಕ್ಸೆಲ್‌ಗಳು ಕಾಣುತ್ತವೆ. ಈಗ ಎರಡು ಬಗೆಯ ಮಾದರಿವಸ್ತುಗಳನ್ನು ಗುರುತಿಸುವ ವರ್ಗೀಕಾರಕವೊಂದನ್ನು ಯೋಚಿಸಿ. ಮೊದಲ ಬಗೆಯನ್ನು ಸೋಮವಾರ, ಎರಡನೆಯದನ್ನು ಬುಧವಾರ ಅಳೆದಿದ್ದು, ನಡುವೆ ಮಂಗಳವಾರ ಯಾರೋ ಬೀಮ್‌ಸ್ಟಾಪನ್ನು ಮೂರು ಪಿಕ್ಸೆಲ್‌ನಷ್ಟು ಸರಿಸಿದ್ದರೆ, ನೆಟ್‌ವರ್ಕ್ ಕಲಿಯುವುದು ಆ ಮೂರು ಪಿಕ್ಸೆಲ್‌ಗಳನ್ನು. ಪರೀಕ್ಷಾ ಮಾಹಿತಿಯನ್ನೂ ಅದೇ ಎರಡು ದಿನಗಳಿಂದ ಯಾದೃಚ್ಛಿಕವಾಗಿ ಎತ್ತಿಕೊಂಡಿದ್ದರೆ ನಿಖರತೆ ನೂರಕ್ಕೆ ನೂರರ ಹತ್ತಿರ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮುಂದಿನ ತಿಂಗಳು ಹೊಸ ಪ್ರಯೋಗದಲ್ಲಿ ಎಲ್ಲ ಕುಸಿಯುತ್ತದೆ. ಟೊಮೊಗ್ರಫಿಯಲ್ಲಿ ಒಂದೇ ವಸ್ತುವಿನ ಅಕ್ಕಪಕ್ಕದ ಪದರಗಳನ್ನು ತರಬೇತಿಗೂ ಪರೀಕ್ಷೆಗೂ ಹಂಚುವುದು ಇದೇ ತಪ್ಪಿನ ಇನ್ನೊಂದು ಮುಖ.

ಪರಿಹಾರಗಳಿವೆ. ಮಾಹಿತಿಯನ್ನು ಚಿತ್ರದ ಮಟ್ಟದಲ್ಲಿ ಭಾಗಿಸದೆ ವಸ್ತುವಿನ ಅಥವಾ ಪ್ರಯೋಗದ ಮಟ್ಟದಲ್ಲಿ ಭಾಗಿಸುವುದು. ಮಾದರಿ ಕೊಟ್ಟ ಉತ್ತರವನ್ನು ಭೌತಿಕ ಸಮೀಕರಣದ ಮೂಲಕ ಮತ್ತೆ ಡಿಟೆಕ್ಟರ್‌ಗೆ ಒಯ್ದು ಅಳತೆಯೊಂದಿಗೆ ಹೊಂದುತ್ತದೆಯೇ ಎಂದು ನೋಡುವುದು. ಉತ್ತರದ ಜೊತೆಗೆ ಅನಿಶ್ಚಿತತೆಯನ್ನೂ ಕೊಡುವ ಮಾದರಿಗಳನ್ನು ಕಟ್ಟುವುದು. ನೆಟ್‌ವರ್ಕ್ ಕೊಟ್ಟದ್ದನ್ನು ಅಂತಿಮ ಉತ್ತರವೆನ್ನದೆ ಹಳೆಯ ಪುನರಾವರ್ತಕ ವಿಧಾನಕ್ಕೆ ಆರಂಭದ ಅಂದಾಜನ್ನಾಗಿ ಬಳಸುವುದು. ಕೊನೆಯದು ಮೆರುಗಿಲ್ಲದ ಉಪಾಯ, ಆದರೆ ಬೀಮ್‌ಲೈನ್‌ನವರು ಅದನ್ನು ನಂಬುತ್ತಾರೆ. ಮಷಿನ್ ಲರ್ನಿಂಗ್ ಸಮ್ಮೇಳನಗಳಲ್ಲಿ ಮೆಚ್ಚುಗೆ ಪಡೆಯುವುದಕ್ಕೂ ಬೀಮ್‌ಲೈನ್‌ನಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿ ಉಳಿಯುವುದಕ್ಕೂ ಇರುವ ಅಂತರ ಬಹುಮಟ್ಟಿಗೆ ಈ ಎಚ್ಚರಿಕೆಯದೇ.

ನನಗೆ ಸ್ವಂತ ಬೀಮ್ ಟೈಮ್ ಸಿಗುತ್ತದೆಯೇ? ರಾತ್ರಿ ಪಾಳಿ ಮಾಡಬೇಕೇ?

ಬೀಮ್ ಟೈಮ್, ಅಂದರೆ ಬೀಮ್‌ಲೈನ್‌ನಲ್ಲಿ ಪ್ರಯೋಗ ನಡೆಸಲು ಸಿಗುವ ಸಮಯ, ಬೇಡಿಕೆ ಸಲ್ಲಿಸಿ, ತಜ್ಞರ ಪರಿಶೀಲನೆಯಲ್ಲಿ ಗೆದ್ದು ಪಡೆಯುವಂಥದ್ದು. ಅನೇಕ ಕೇಂದ್ರಗಳು ವರ್ಷಕ್ಕೆ ಎರಡು ಬಾರಿ ಪ್ರಸ್ತಾವನೆ ಕರೆಯುತ್ತವೆ, ಎಂಟು ಗಂಟೆಯ ಪಾಳಿಗಳ ಲೆಕ್ಕದಲ್ಲಿ ಸಮಯ ಹಂಚುತ್ತವೆ, ಫಲಿತಾಂಶವನ್ನು ಪ್ರಕಟಿಸುವವರಿಂದ ಶುಲ್ಕ ಪಡೆಯುವುದಿಲ್ಲ. ಕೇಂದ್ರದ ಒಳಗಿನವರಿಗೆ ಪರೀಕ್ಷೆ ಮತ್ತು ಅಭಿವೃದ್ಧಿಗಾಗಿ ಸ್ವಲ್ಪ ಸಮಯ ಪ್ರತ್ಯೇಕವಾಗಿ ಇರುತ್ತದೆ, ಮಷಿನ್ ಲರ್ನಿಂಗ್ ವಿದ್ಯಾರ್ಥಿಗೆ ಸಿಗುವುದು ಹೆಚ್ಚಾಗಿ ಅದು.

ರಾತ್ರಿ ಪಾಳಿ ಕಡ್ಡಾಯವಲ್ಲದಿದ್ದರೂ ಕೆಲವನ್ನಾದರೂ ಮಾಡಿ ಎನ್ನುತ್ತೇನೆ. ಮುಂಜಾನೆ ಮೂರಕ್ಕೆ ನಿಯಂತ್ರಣ ಕೊಠಡಿಯಲ್ಲಿ ಕೂತವರ ಮುಂದೆ ಇರುವ ಪ್ರಶ್ನೆ ‘ಈ ವಸ್ತುವನ್ನು ಇನ್ನೂ ಅಳೆಯೋಣವೇ, ತೆಗೆದು ಮುಂದಿನದನ್ನು ಹಾಕೋಣವೇ’ ಎಂಬುದು. ನಿಮ್ಮ ಮಾದರಿ ಆ ಹೊತ್ತಿಗೆ, ಆ ನಿದ್ದೆಗಣ್ಣಿನವರಿಗೆ, ಒಂದು ನಿಮಿಷದೊಳಗೆ ಉತ್ತರ ಕೊಡಬೇಕು. ಕಚೇರಿಯಲ್ಲಿ ಕೂತು ವಿನ್ಯಾಸಗೊಳಿಸಿದ ಎಷ್ಟೋ ಪರದೆಗಳು ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ವಿಕಿರಣದ ಅಪಾಯವಿದೆಯೇ?

ಕಿರಣ ಹರಿಯುವಾಗ ಪ್ರಯೋಗ ಕೊಠಡಿಯೊಳಗೆ ಯಾರೂ ಇರದಂತೆ ಇಂಟರ್‌ಲಾಕ್ ವ್ಯವಸ್ಥೆ ತಡೆಯುತ್ತದೆ: ಒಳಗೆ ಹುಡುಕಿ, ಯಾರೂ ಇಲ್ಲವೆಂದು ಖಚಿತಪಡಿಸುವ ಗುಂಡಿಗಳನ್ನು ಕ್ರಮವಾಗಿ ಒತ್ತಿ, ಬಾಗಿಲು ಮುಚ್ಚಿದ ಮೇಲೆಯೇ ಕಿರಣ ಬಿಡಲು ಸಾಧ್ಯ. ಅಂತಾರಾಷ್ಟ್ರೀಯ ಶಿಫಾರಸಿನ ಪ್ರಕಾರ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್, ವಿಕಿರಣದೊಂದಿಗೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಸುರಕ್ಷತಾ ತರಬೇತಿ ಮುಗಿಯದೆ ಒಳಗೆ ಬಿಡುವುದಿಲ್ಲ. ಗರ್ಭಿಣಿಯರಿಗೆ ಬೇರೆ ನಿಯಮಗಳಿರುವುದರಿಂದ ಸುರಕ್ಷತಾ ವಿಭಾಗಕ್ಕೆ ಬೇಗ ತಿಳಿಸುವುದು ಒಳ್ಳೆಯದು.

ನಾನು ಬಳಸುವ ಮಾಹಿತಿ ಯಾರದ್ದು? ಪ್ರಕಟಿಸಬಹುದೇ?

ಬಳಕೆದಾರರ ಪ್ರಯೋಗದಿಂದ ಬಂದ ಮಾಹಿತಿಯ ಮೇಲೆ ಮೊದಲ ಹಕ್ಕು ಆ ಪ್ರಯೋಗ ತಂಡದ್ದು. ಯುರೋಪಿನ ಹಲವು ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷದ ನಿರ್ಬಂಧದ ನಂತರ ಕಚ್ಚಾ ಮಾಹಿತಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ನಿಮ್ಮ ಪ್ರಬಂಧ ಬೇರೆಯವರ ಅಪ್ರಕಟಿತ ಮಾಹಿತಿಯ ಮೇಲೆ ನಿಂತಿದ್ದರೆ, ಅವರ ಲೇಖನ ಹೊರಬರುವವರೆಗೆ ನಿಮ್ಮದನ್ನು ತಡೆಹಿಡಿಯಬೇಕಾಗಬಹುದು. ಆದ್ದರಿಂದ ಮೊದಲ ವರ್ಷದಲ್ಲೇ, ಪ್ರಕಟಿಸಲು ಯಾರ ಅನುಮತಿಯೂ ಬೇಡದಂಥ ಒಂದು ಮಾಹಿತಿಗುಚ್ಛವನ್ನು ಸ್ವಂತವಾಗಿ ಅಳೆದು ಇಟ್ಟುಕೊಳ್ಳಿ. ಉದ್ಯಮ ಸಂಸ್ಥೆಯೊಂದು ಹಣ ಹೂಡಿದ ಯೋಜನೆಯಾದರೆ ಪ್ರಕಟಣೆಯ ಷರತ್ತುಗಳನ್ನು ಸಹಿ ಹಾಕುವ ಮೊದಲೇ ಓದಿ.

ಕೇಂದ್ರವೇ ನವೀಕರಣಕ್ಕಾಗಿ ಮುಚ್ಚಿದರೆ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದದ್ದು ಎಲ್ಲರೂ. ಇಎಸ್‌ಆರ್‌ಎಫ್ 2018ರ ಡಿಸೆಂಬರ್‌ನಲ್ಲಿ ನಿಂತು, ಹೊಸ ಉಂಗುರದೊಂದಿಗೆ 2020ರ ಆಗಸ್ಟ್‌ನಲ್ಲಿ ಬಳಕೆದಾರರಿಗೆ ಮತ್ತೆ ತೆರೆಯಿತು. ಅಮೆರಿಕದ ಅಡ್ವಾನ್ಸ್ಡ್ ಫೋಟಾನ್ ಸೋರ್ಸ್ 2023ರ ಏಪ್ರಿಲ್‌ನಲ್ಲಿ ನಿಂತು 2024ರಲ್ಲಿ ಮರಳಿತು. ಮೂರು ವರ್ಷದ ಪಿಎಚ್‌.ಡಿ.ಯಲ್ಲಿ ಇಂಥ ವಿರಾಮ ದೊಡ್ಡ ಪಾಲನ್ನೇ ನುಂಗುತ್ತದೆ. ಮಷಿನ್ ಲರ್ನಿಂಗ್ ವಿದ್ಯಾರ್ಥಿಗೆ ಇದರ ಪೆಟ್ಟು ಪ್ರಯೋಗದವರಿಗಿಂತ ಕಡಿಮೆ, ಏಕೆಂದರೆ ಹಳೆಯ ಮಾಹಿತಿ ಇರುತ್ತದೆ, ಸಿಮ್ಯುಲೇಶನ್ ಇರುತ್ತದೆ. ಆದರೆ ಹೊಸ ಯಂತ್ರದ ಕಿರಣ ಹಳೆಯದಕ್ಕಿಂತ ಬೇರೆಯಾಗಿರುವುದರಿಂದ ಹಳೆಯ ಮಾಹಿತಿಯ ಮೇಲೆ ಕಲಿತ ಮಾದರಿ ಹಾಗೆಯೇ ನಡೆಯುತ್ತದೆಂಬ ಭರವಸೆಯಿಲ್ಲ. ನವೀಕರಣದ ವೇಳಾಪಟ್ಟಿಯನ್ನೂ, ಆ ಅವಧಿಯಲ್ಲಿ ಬೇರೆ ಕೇಂದ್ರಕ್ಕೆ ಹೋಗಿ ಅಳೆಯುವ ಏರ್ಪಾಡು ಇದೆಯೇ ಎಂಬುದನ್ನೂ ಕೇಳಿ.

ಮುಗಿದ ಮೇಲೆ ಎಂಥ ಕೆಲಸ ಸಿಗುತ್ತದೆ?

ಬೀಮ್‌ಲೈನ್ ವಿಜ್ಞಾನಿ, ಕೇಂದ್ರದ ಮಾಹಿತಿ ವಿಶ್ಲೇಷಣಾ ಗುಂಪು, ವಿಶ್ವವಿದ್ಯಾಲಯ, ಡಿಟೆಕ್ಟರ್ ತಯಾರಿಸುವ ಕಂಪನಿಗಳು, ವೈದ್ಯಕೀಯ ಚಿತ್ರಣ, ಸೆಮಿಕಂಡಕ್ಟರ್ ತಪಾಸಣೆ, ಇವು ನೇರ ದಾರಿಗಳು. ಸಾಮಾನ್ಯ ಸಾಫ್ಟ್‌ವೇರ್ ಉದ್ಯಮಕ್ಕೆ ಹೋಗುವವರೂ ಇದ್ದಾರೆ. ಗದ್ದಲದ ಅಳತೆಯಿಂದ ನಂಬಲರ್ಹ ಉತ್ತರ ತೆಗೆಯುವ ಅಭ್ಯಾಸಕ್ಕೆ ಎಲ್ಲೆಡೆ ಬೆಲೆಯಿದೆ, ಆದರೆ ಸಂಶೋಧನಾ ಕೇಂದ್ರಗಳಲ್ಲಿ ಕಾಯಂ ಹುದ್ದೆಗಳು ಕಡಿಮೆ ಎಂಬುದನ್ನು ಮುಚ್ಚಿಡುವಂತಿಲ್ಲ.

ಆಯ್ಕೆಯಾದೆ. ಸೇರುವ ಮೊದಲು ಏನು ಮಾಡಿಕೊಂಡು ಬರಲಿ?

ವೀಸಾ ಕೆಲಸವನ್ನು ಮೊದಲು ಹಚ್ಚಿ. ಪದವಿ ಪ್ರಮಾಣಪತ್ರಗಳ ದೃಢೀಕರಣಕ್ಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಓದಿನ ವಿಷಯಕ್ಕೆ ಬಂದರೆ, ಹೊಸ ನೆಟ್‌ವರ್ಕ್‌ಗಳ ಲೇಖನ ರಾಶಿ ಹಾಕಿಕೊಳ್ಳುವ ಬದಲು ನೀವು ಸೇರಲಿರುವ ಬೀಮ್‌ಲೈನ್‌ನಲ್ಲಿ ಬಳಸುವ ಡಿಟೆಕ್ಟರ್‌ನ ವಿವರಣಾ ಲೇಖನವನ್ನು ಮಾರ್ಗದರ್ಶಕರಿಂದ ಕೇಳಿ ಪಡೆಯಿರಿ. ಅದು ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುವ ಬಗೆಯದೋ, ವಿದ್ಯುದಾವೇಶವನ್ನು ಒಟ್ಟುಗೂಡಿಸುವ ಬಗೆಯದೋ, ಎಷ್ಟು ಗೇನ್ (ಸಂಕೇತವನ್ನು ಹಿಗ್ಗಿಸುವ) ಹಂತಗಳಿವೆ, ಎಣಿಕೆ ಎಷ್ಟರ ಮೇಲೆ ಹೋದರೆ ಅದು ಸ್ಯಾಚುರೇಟ್ ಆಗಿ ಹೆಚ್ಚು ಅಳೆಯಲಾಗದೆ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಂಡು ಬನ್ನಿ. ಹಾಗೆಯೇ ಒಂದು ಕಚ್ಚಾ ಕಡತವನ್ನೂ, ಅದರ ಕ್ಯಾಲಿಬ್ರೇಶನ್ ಕಡತವನ್ನೂ ಕಳುಹಿಸಲು ಹೇಳಿ. ಕಚ್ಚಾ ಸಂಖ್ಯೆಗಳಿಂದ ಸರಿಪಡಿಸಿದ ಚಿತ್ರದವರೆಗಿನ ಹಾದಿಯನ್ನು ಒಮ್ಮೆ ನೀವೇ ಕೈಯಾರೆ ನಡೆದು ನೋಡಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗುರುತು ಹಾಕಿಕೊಳ್ಳಿ. ಮೊದಲ ದಿನದ ಭೇಟಿಗೆ ಕೇಳಬೇಕಾದ ಪ್ರಶ್ನೆಗಳು ಆ ಗುರುತುಗಳಲ್ಲೇ ಇರುತ್ತವೆ.